ಅಂಬಿಗ ಎಷ್ಟನೇ ಪುಟದಲ್ಲಿದ್ದಾನೆ?

ಎಲ್ಲರಿಗೂ ನಮಸ್ಕಾರ. ರಾಯಚೂರಿನ ಈ ಬಿಸಿಲಲ್ಲಿ ದಾಳದ ಚೀಲ ಹಿಡಿದು ಇಷ್ಟು ಜನ ಬಂದಿದ್ದೀರಿ. ತುಂಬಾ ಖುಷಿ ಆಯಿತು.

ಒಬ್ಬೊಬ್ಬರು ಒಂದೊಂದು ಪಾತ್ರವಾಗಿ, ದಾಳ ಉರುಳಿಸುತ್ತಾ ಕಥೆ ಕಟ್ಟುವ ನಮ್ಮ ರೋಲ್-ಪ್ಲೇಯಿಂಗ್ ಆಟಕ್ಕೆ ನೀವೆಲ್ಲ ಸೇರಿ ಸೆಟ್ಟಿಂಗ್ ಪುಸ್ತಕ, ಅಂದರೆ ಆಟ ನಡೆಯುವ ಲೋಕವನ್ನು ವಿವರಿಸುವ ಪುಸ್ತಕ, ಬರೆಯುತ್ತಿದ್ದೀರಿ. ಅದರ ಕರಡನ್ನು ಎರಡು ಸಲ ಓದಿದೆ. ನಿಮ್ಮ ಲೋಕ ಚೆನ್ನಾಗಿದೆ. ಆದರೆ ಮೊದಲ 40 ಪುಟ ಸೃಷ್ಟಿಯ ಕಥೆ, ದೇವರುಗಳು, ರಾಜವಂಶಗಳು. ಆಟಗಾರರು ಕಾಲಿಡುವ ಊರು ಬರುವುದು 52ನೇ ಪುಟದಲ್ಲಿ. ಇವತ್ತು ಐದು ವಿಷಯ ಬರೆದುಕೊಂಡು ಬಂದಿದ್ದೇನೆ. ಮೊದಲನೆಯದು ಇದೇ: ಆ ಊರನ್ನು ಒಂದನೇ ಪುಟಕ್ಕೆ ತನ್ನಿ.

ಇಷ್ಟು ಒತ್ತಿ ಹೇಳುವುದಕ್ಕೆ ಕಾರಣ ಇದೆ. ನಾನು ಮೊದಲ ಸಲ ಗೇಮ್ ಮಾಸ್ಟರ್ ಆದಾಗ, ಅಂದರೆ ಕಥೆ ಹೇಳಿ ಆಟ ನಡೆಸುವ ಕೆಲಸ ನನ್ನದಾದಾಗ, 200 ಪುಟದ ನೋಟ್‌ಬುಕ್ ಪೂರ್ತಿ ತುಂಬಿಸಿದ್ದೆ. ಮೂರು ಯುಗಗಳ ಇತಿಹಾಸ, ಹನ್ನೊಂದು ರಾಜರ ವಂಶಾವಳಿ. ನಾಲ್ಕು ಜನ ಗೆಳೆಯರು ಆಡೋಕೆ ಬಂದರು. ಮಧ್ಯದಲ್ಲಿ ಒಗ್ಗರಣೆ, ಮಿರ್ಚಿ. ಅವರ ಪಾತ್ರಗಳು ಹೊತ್ತು ಮುಳುಗುವಾಗ ಹೊಳೆ ದಂಡೆಗೆ ಬಂದವು. ಒಬ್ಬಳು ಕೇಳಿದಳು, "ಹರಿಗೋಲು ಇದೆಯಾ? ಅಂಬಿಗ ಎಷ್ಟು ತಗೋತಾನೆ?" ಬರೆದಿದ್ದೆ, ಖಂಡಿತ ಬರೆದಿದ್ದೆ. ಆದರೆ ಎಲ್ಲಿ? ಪುಟ ತಿರುಗಿಸಿದೆ, ತಿರುಗಿಸಿದೆ. ಮಿರ್ಚಿ ಖಾಲಿ ಆಯಿತು. ಮಂತ್ರವಾದಿಯಾಗಿ ಆಡುತ್ತಿದ್ದವನು ಫೋನ್ ತೆಗೆದ. ಕೊನೆಗೆ ಸಿಕ್ಕಿತು, ಆ ಹೊಳೆಯನ್ನು ಗೆದ್ದ ರಾಜನ ಕಥೆಯ ಬಾಲದಲ್ಲಿ. ಅಂಬಿಗನಿಗೆ ಒಂದು ಕಣ್ಣಿಲ್ಲ. ಕತ್ತಲಾದ ಮೇಲೆ ಹರಿಗೋಲು ಬಿಡುವುದಿಲ್ಲ, ಅವನ ತಮ್ಮ ಅದೇ ನೀರಲ್ಲಿ ಮುಳುಗಿ ಹೋಗಿದ್ದಾನೆ. ಎಂಥ ಪಾತ್ರ ಅಲ್ವಾ! ಆದರೆ ಅಷ್ಟೊತ್ತಿಗೆ ಅವರು ಈಜುತ್ತೇವೆ ಅಂತ ದಾಳ ಉರುಳಿಸಿದ್ದರು. ಇಪ್ಪತ್ತು ಮುಖದ ದಾಳದಲ್ಲಿ ಇಪ್ಪತ್ತೇ ಬಿತ್ತು. ದಾಟಿಯೇ ಬಿಟ್ಟರು. ಆ ಅಂಬಿಗನನ್ನು ಯಾರೂ ಮಾತಾಡಿಸಲೇ ಇಲ್ಲ. ಇವತ್ತಿಗೂ ನನಗೆ ಅದು ಚುಚ್ಚುತ್ತದೆ.

ಈ ಪುಸ್ತಕವನ್ನು ಯಾರೂ ಕಾದಂಬರಿಯಂತೆ ಕೂತು ಓದುವುದಿಲ್ಲ. ಆಟದ ಮಧ್ಯೆ, ನಾಲ್ಕು ಜನ ನಿಮ್ಮ ಮುಖ ನೋಡುತ್ತಿರುವಾಗ ತೆರೆಯುತ್ತೀರಿ. ಹೊಳೆಯ ಪುಟ ತೆಗೆದರೆ ಅಂಬಿಗ ಅಲ್ಲೇ ಇರಬೇಕು.

ನಮ್ಮ ಕೋಟೆ ಗೋಡೆಯ ಉದ್ದನೆ ಕಲ್ಲು ನೋಡಿದ್ದೀರಲ್ಲ? 1294ರ ಶಾಸನ, ಸುಮಾರು 41 ಅಡಿ. ಮುಂದೆ ನಿಂತವರಿಗೆಲ್ಲ ಬರುವುದು ಒಂದೇ ಪ್ರಶ್ನೆ: ಇಷ್ಟು ದೊಡ್ಡದನ್ನು ಹೇಗಪ್ಪಾ ತಂದರು? ಬಂಡಿಯ ಮೇಲೆ ಕಲ್ಲು ಹೇರಿ ಎಳೆದು ತರುವ ಚಿತ್ರವನ್ನು ಅಲ್ಲೇ ಕೊರೆದಿದ್ದಾರೆ. ಪ್ರಶ್ನೆ ಹುಟ್ಟುವ ಜಾಗದಲ್ಲೇ ಉತ್ತರ. ಮನೆಗೆ ಹೋಗುವಾಗ ಒಮ್ಮೆ ನೋಡಿಕೊಂಡೇ ಹೋಗಿ.

ಹಾಗಾದರೆ ಇತಿಹಾಸ ಬೇಡವಾ? ಬೇಕು. ಎರಡನೇ ವಿಷಯ ಅದೇ. ಕೃಷ್ಣೆ, ತುಂಗಭದ್ರೆಯರ ನಡುವಿನ ನಮ್ಮ ಎಡೆದೊರೆ ನಾಡಿಗಾಗಿ ಬಹಮನಿಗಳು, ವಿಜಯನಗರದವರು ತಲೆಮಾರುಗಟ್ಟಲೆ ಹೊಡೆದಾಡಿದರು. 1520ರಲ್ಲಿ ಕೃಷ್ಣದೇವರಾಯ ಇದೇ ಕೋಟೆಗಾಗಿ ಇಸ್ಮಾಯಿಲ್ ಆದಿಲ್ ಶಾಹನ ಮೇಲೆ ಯುದ್ಧ ಮಾಡಿದ. ಇದನ್ನು ಆಟಕ್ಕೆ ತರಲು ಸುಲ್ತಾನರ ಪಟ್ಟಿ ಬೇಡ. "ಎರಡು ಹೊಳೆ ನಡುವಿನ ಕಪ್ಪು ನೆಲ ಇಬ್ಬರಿಗೂ ಬೇಕು" ಅನ್ನುವ ಒಂದು ಸಾಲು ಸಾಕು. ಅದರ ಕೆಳಗೆ, ಇವತ್ತು ಸುಂಕ ಯಾರು ವಸೂಲಿ ಮಾಡುತ್ತಾರೆ, ಯಾರಿಗೆ ಅದರ ಮೇಲೆ ಸಿಟ್ಟು, ಅಷ್ಟು ಬರೆಯಿರಿ. ಆಟಗಾರರು ಆ ಸಿಟ್ಟಿನೊಳಗೆ ಕಾಲಿಡುತ್ತಾರೆ.

ಮೂರನೆಯದು, ಗುಟ್ಟು. ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಅನ್ನುವ ಇಂಥದೇ ಆಟದ ಫರ್ಗಾಟನ್ ರೆಲ್ಮ್ಸ್ ಲೋಕ ಕಟ್ಟಿದ ಎಡ್ ಗ್ರೀನ್‌ವುಡ್ ಕೆನಡಾದವರು, ಲೈಬ್ರರಿಯಲ್ಲಿ ಕೆಲಸ ಮಾಡುತ್ತಿದ್ದವರು. ಆ ಆಟ 1974ರಲ್ಲಿ ಬರುವ ಮೊದಲೇ, ಹುಡುಗನಾಗಿದ್ದಾಗಲೇ ಆ ಲೋಕದ ಕಥೆ ಬರೆಯುತ್ತಿದ್ದರು. ಅಷ್ಟು ವರ್ಷ ಕೂಡಿಟ್ಟದ್ದು 1987ರಲ್ಲಿ ಪೆಟ್ಟಿಗೆಯಾಗಿ ಬಂದಾಗ ಅದರಲ್ಲಿ ನಕ್ಷೆಗಳ ಜೊತೆ ಎರಡು ಪುಸ್ತಕ ಇದ್ದವು. ಒಂದು ಅಕ್ಷರಮಾಲೆಯ ಸಾಲಿನಲ್ಲಿ ಜೋಡಿಸಿದ್ದು, ಹೆಸರು ಗೊತ್ತಿದ್ದರೆ ತಕ್ಷಣ ಸಿಗುತ್ತದೆ. ಇನ್ನೊಂದು ಆಟ ನಡೆಸುವವರಿಗೆ. ನೀವೂ ಹೀಗೆ ಬೇರೆ ಮಾಡಿ. ಸಂತೆಯಲ್ಲಿ ಎಲ್ಲರಿಗೂ ಗೊತ್ತಿರುವ ಮಾತು ಒಂದು ಕಡೆ, ಗೇಮ್ ಮಾಸ್ಟರ್‌ಗೆ ಮಾತ್ರ ಗೊತ್ತಿರಬೇಕಾದದ್ದು ಇನ್ನೊಂದು ಕಡೆ. ನಿಮ್ಮ ಕರಡಿನಲ್ಲಿ ಪೂಜಾರಿಯೇ ಕೊಲೆಗಾರ ಅನ್ನುವುದು ಊರಿನ ಪರಿಚಯದ ಎರಡನೇ ಸಾಲಿನಲ್ಲೇ ಇದೆ! ಆಟಗಾರರ ಕೈಗೆ ಆ ಪುಟ ಕೊಡೋಕಾಗಲ್ಲ.

ಟೈಮ್ ಆಯಿತು ಅಂತ ಹಿಂದಿನಿಂದ ಕೈ ತೋರಿಸುತ್ತಿದ್ದಾರೆ. ನಾಲ್ಕನೆಯದು ನಕ್ಷೆ, ಅದರ ಬಗ್ಗೆ ಜಾಸ್ತಿ ಹೇಳಬೇಕು ಅಂತಿದ್ದೆ. ಒಂದೇ ಮಾತು: ನಕ್ಷೆಯ ಪ್ರತಿ ಊರಿನ ಪಕ್ಕ ಪುಟದ ಸಂಖ್ಯೆ ಹಾಕಿ. ಐದನೆಯದು ಪದಸೂಚಿ. ಅದನ್ನು ಕೊನೆಯ ರಾತ್ರಿಗೆ ಬಿಡಬೇಡಿ. "ಅಂಬಿಗ" ಅಂತ ಹುಡುಕಿದರೂ ಸಿಗಲಿ, "ಹೊಳೆ" ಅಂತ ಹುಡುಕಿದರೂ ಸಿಗಲಿ.

ಕರಡು ಇಲ್ಲೇ ಮೇಜಿನ ಮೇಲಿದೆ. 52ನೇ ಪುಟ ಕಿತ್ತು ಮೇಲಿಟ್ಟಿದ್ದೇನೆ, ದಯವಿಟ್ಟು ಬೇಜಾರಾಗಬೇಡಿ. ಊರ ಬಾವಿಯ ಪಕ್ಕ ಎರಡು ಸಾಲು ಖಾಲಿ ಇದೆ. ಅಲ್ಲಿ ನೀರು ಸೇದುವವರು ಯಾರು ಅಂತ ಟೀ ಕುಡಿಯುತ್ತಾ ಯಾರಾದರೂ ಬರೆಯಿರಿ.