ಮೊದಲು ನೀರು, ಆಮೇಲೆ ಕತ್ತಿ

ಕೇಳುಗರೇ, ನಮಸ್ಕಾರ. ಬೆಳಗಿನ ಹೊತ್ತು. ನಿಮ್ಮಲ್ಲಿ ಕೆಲವರು ರೇಡಿಯೋ ಹಚ್ಚಿಟ್ಟು, ಕೆನ್ನೆಗೆ ಸೋಪು ಹಚ್ಚಿಕೊಂಡು ಕನ್ನಡಿ ಮುಂದೆ ನಿಂತಿರಬಹುದು. ಅಂಥವರು ರೇಜರನ್ನು ಸ್ವಲ್ಪ ಹೊತ್ತು ಕೆಳಗಿಡಿ. ಇವತ್ತಿನ ಮಾತು ನಿಮಗೇ.

ನಮ್ಮದು ಜಗಳೂರು ಕಡೆಯ ಒಂದು ಹಳ್ಳಿ. ನಾನು ಚಿಕ್ಕವನಿದ್ದಾಗ ಎಂಟು ದಿನಕ್ಕೊಮ್ಮೆ ಕ್ಷೌರದ ಅಜ್ಜ ಮನೆಗೇ ಬರುತ್ತಿದ್ದರು. ಆಗಾಗ ದುಡ್ಡು ಕೊಡುವ ಪದ್ಧತಿ ಇರಲಿಲ್ಲ. ಸುಗ್ಗಿಯಲ್ಲಿ ಕಣಕ್ಕೆ ಬಂದು ತಮ್ಮ ಪಾಲಿನ ಜೋಳ, ರಾಗಿ ಒಯ್ಯುತ್ತಿದ್ದರು. ಅದಕ್ಕೆ ಆಯ ಅನ್ನುತ್ತಿದ್ದರು. ಬೇವಿನ ಮರದ ಕಟ್ಟೆ ಮೇಲೆ ನಮ್ಮ ತಾತನನ್ನು ಕೂರಿಸಿ, ಹಿತ್ತಾಳೆ ಬಟ್ಟಲಲ್ಲಿ ನೀರು ಇಟ್ಟುಕೊಂಡು, ಬೆರಳು ಅದ್ದಿ ಅದ್ದಿ ಗಡ್ಡ ತಿಕ್ಕುತ್ತಿದ್ದರು. ಸೋಪಿಲ್ಲ, ಕ್ರೀಮಿಲ್ಲ. ಬರೀ ನೀರು. ಎಷ್ಟು ಹೊತ್ತು ತಿಕ್ಕುತ್ತಿದ್ದರು ಅಂದರೆ, ನಮ್ಮ ತಾತ ಕೂತಲ್ಲೇ ತೂಕಡಿಸುತ್ತಿದ್ದ. ಆಮೇಲೆ ಕತ್ತಿಯನ್ನು ಚರ್ಮದ ಪಟ್ಟಿ ಮೇಲೆ ನಾಲ್ಕು ಸಲ ಆಡಿಸಿ ಕೆಲಸ ಶುರು ಮಾಡುತ್ತಿದ್ದರು. ‘ಅರ್ಧ ಕೆಲಸ ನೀರು ಮಾಡ್ಬೇಕು, ಇನ್ನರ್ಧ ಕತ್ತಿ’ ಅನ್ನೋದು ಅವರ ಮಾತು.

ಅವರ ಮಾತು ನೂರಕ್ಕೆ ನೂರು ನಿಜ. ಒಣಗಿದ ಗಡ್ಡದ ಕೂದಲು ಬಹಳ ಬಿರುಸು. ಎರಡು ಮೂರು ನಿಮಿಷ ಬೆಚ್ಚಗಿನ ನೀರಲ್ಲಿ ನೆನೆದರೆ ಅದು ನೀರು ಕುಡಿದು ಉಬ್ಬುತ್ತದೆ, ಮೆತ್ತಗಾಗುತ್ತದೆ. ಆಗ ಬ್ಲೇಡು ಎಳೆಯುವುದಿಲ್ಲ, ಸಲೀಸಾಗಿ ಕತ್ತರಿಸುತ್ತದೆ. ಅದಕ್ಕೇ ಸ್ನಾನ ಮುಗಿಸಿ ಗಡ್ಡ ತೆಗೆಯುವುದು ಒಳ್ಳೆಯದು. ನಮ್ಮಲ್ಲಿ ಗಡ್ಡ ತೆಗೆದು ಆಮೇಲೆ ಸ್ನಾನ ಮಾಡುವುದು ರೂಢಿ. ಆ ರೂಢಿ ಬಿಡಲಾಗದವರು ಬಿಸಿನೀರಲ್ಲಿ ಅದ್ದಿ ಹಿಂಡಿದ ಬಟ್ಟೆಯನ್ನಾದರೂ ಮುಖದ ಮೇಲೆ ಸ್ವಲ್ಪ ಹೊತ್ತು ಹಾಕಿಕೊಳ್ಳಿ.

ನಮ್ಮ ಸೀಮೆಯಲ್ಲಿ ನೀರಿನದೇ ಒಂದು ತೊಂದರೆ ಇದೆ. ಚಳ್ಳಕೆರೆ, ಜಗಳೂರು, ಹಿರಿಯೂರು ಕಡೆಯ ಬೋರ್‌ವೆಲ್ ನೀರು ಕಾಯಿಸಿದ ಪಾತ್ರೆ ನೋಡಿ. ತಳದಲ್ಲಿ ಬಿಳಿ ಪದರ ಕಟ್ಟಿರುತ್ತದೆ. ಅದು ಗಡಸು ನೀರು. ಅದರಲ್ಲಿರುವ ಕ್ಯಾಲ್ಸಿಯಂ, ಮೆಗ್ನೀಷಿಯಂ ಸೋಪಿನ ಜೊತೆ ಸೇರಿ ಜಿಡ್ಡು ಜಿಡ್ಡಾದ ಕೆನೆ ಆಗುತ್ತದೆ, ನೊರೆ ಏಳುವುದಿಲ್ಲ. ನೊರೆ ಇಲ್ಲದೆ ಬ್ಲೇಡು ಚರ್ಮದ ಮೇಲೆ ಜಾರುವುದಾದರೂ ಹೇಗೆ? ಸೋಪು ಸರಿ ಇಲ್ಲ, ಬ್ರಷ್ ಸರಿ ಇಲ್ಲ ಅಂತ ಬೈಯುತ್ತೇವೆ. ಚಿತ್ರದುರ್ಗದ ನಲ್ಲಿಗೆ ಸೂಳೆಕೆರೆ ನೀರು ಬಂದ ದಿನ ಅದೇ ಸೋಪು ಹಚ್ಚಿ ನೋಡಿ, ವ್ಯತ್ಯಾಸ ತಿಳಿಯುತ್ತದೆ. ಬೋರ್ ನೀರೇ ಗತಿ ಅನ್ನುವವರು ಕುದಿಸಿ, ಆರಿಸಿ, ಮೇಲಿನ ತಿಳಿ ಬಸಿದುಕೊಳ್ಳಿ. ಗಡಸು ಪೂರ್ತಿ ಹೋಗದಿದ್ದರೂ ಕಡಿಮೆಯಾಗುತ್ತದೆ. ಮಳೆ ನೀರು ಹಿಡಿದಿಟ್ಟಿದ್ದರೆ ಒಂದು ಲೋಟ ಸಾಕು.

ಇನ್ನು ಬ್ಲೇಡು. ಬಿಸಾಡುವ ಬ್ಲೇಡಿನ ರೇಜರನ್ನು ಅಮೆರಿಕದ ಕಿಂಗ್ ಕ್ಯಾಂಪ್ ಜಿಲೆಟ್ 1903ರಲ್ಲಿ ಮಾರಾಟಕ್ಕಿಟ್ಟಾಗ, ಆ ವರ್ಷ ಹೋಗಿದ್ದು ಬರೀ 51 ರೇಜರು. ಇವತ್ತು ಒಂದೇ ಹಿಡಿಯಲ್ಲಿ ಐದು ಬ್ಲೇಡು ಇರುವವೂ ಸಿಗುತ್ತವೆ. ಆದರೆ ಬ್ಲೇಡು ಜಾಸ್ತಿ ಇದ್ದಷ್ಟೂ ಒಳ್ಳೆಯದು ಅಂತ ನಾನು ಒಪ್ಪುವುದಿಲ್ಲ. ಸಾಲು ಬ್ಲೇಡುಗಳಲ್ಲಿ ಮುಂದಿನದು ಕೂದಲನ್ನು ಎಳೆದು ಹಿಡಿದರೆ, ಹಿಂದಿನದು ಚರ್ಮದ ಮಟ್ಟಕ್ಕಿಂತ ಕೆಳಗೆ ಕತ್ತರಿಸಬಹುದು. ಗುಂಗುರು ಗಡ್ಡದವರಿಗೆ ಆ ತುದಿ ಒಳಗೇ ಸುರುಳಿ ಸುತ್ತಿ ಕೆಂಪು ಗುಳ್ಳೆ ಏಳುತ್ತದೆ. ಗುಳ್ಳೆ ಏಳುವವರು ಒಂದೇ ಬ್ಲೇಡಿನ ರೇಜರ್ ಬಳಸಿ, ಇಲ್ಲವೇ ಟ್ರಿಮ್ಮರ್‌ನಲ್ಲಿ ಸ್ವಲ್ಪ ಕೂದಲು ಬಿಟ್ಟು ತೆಗೆಯಿರಿ. ಕೂದಲು ಯಾವ ಕಡೆ ಬೆಳೆದಿದೆಯೋ ಆ ಕಡೆಗೇ ಎಳೆಯಿರಿ. ಕುತ್ತಿಗೆಯಲ್ಲಿ ಅದು ಅಡ್ಡಡ್ಡ ತಿರುಗಿರುತ್ತದೆ. ಬೆರಳಾಡಿಸಿ ನೋಡಿಕೊಳ್ಳಿ.

ಬ್ಲೇಡಿನ ಉಕ್ಕು ಕೂದಲಿಗಿಂತ ಸುಮಾರು 50 ಪಟ್ಟು ಗಟ್ಟಿ. ಆದರೂ ಮೊಂಡಾಗುತ್ತದಲ್ಲ, ಯಾಕೆ? 2020ರಲ್ಲಿ ಅಮೆರಿಕದ ಎಂಐಟಿ ವಿಜ್ಞಾನಿಗಳು ಮೈಕ್ರೋಸ್ಕೋಪಿನಲ್ಲಿ ಇದನ್ನೇ ನೋಡಿದರು. ಕತ್ತರಿಸುವಾಗ ಕೂದಲು ಬಾಗುತ್ತದೆ. ಉಕ್ಕಿನ ಹದ ಒಂದೇ ಸಮ ಇಲ್ಲದ ಜಾಗದಲ್ಲಿ ಅಂಚಿನಿಂದ ಸಣ್ಣ ಚೂರು ಎದ್ದು ಹೋಗುತ್ತದೆ. ಮುಕ್ಕಾದ ಆ ಅಂಚೇ ನಮ್ಮ ಕೆನ್ನೆ ಗೀರುವುದು. ಎಳೆದ ಹಾಗೆ ಅನ್ನಿಸಿದ ದಿನವೇ ಬ್ಲೇಡು ಬದಲಿಸಿ. ದಯವಿಟ್ಟು ಜಿಪುಣತನ ಬೇಡ.

ಅಂಗಡಿಗೆ ಹೋಗಿ ಗಡ್ಡ ಮಾಡಿಸುವವರಿಗೆ ಒಂದು ಮಾತು. ಈಗ ಹೆಚ್ಚಿನ ಕಡೆ ಬ್ಲೇಡನ್ನು ಕಾಗದದ ಸಮೇತ ಎರಡು ತುಂಡಾಗಿ ಮುರಿದು, ನಿಮ್ಮೆದುರೇ ಕತ್ತಿಗೆ ಸಿಕ್ಕಿಸುತ್ತಾರೆ. ಮರೆತಿದ್ದರೆ ‘ಅಣ್ಣಾ, ಹೊಸ ಬ್ಲೇಡ್ ಹಾಕಿ’ ಅಂತ ಕೇಳಿ. ಸಂಕೋಚ ಬೇಡ. ಕಾಮಾಲೆ ತರುವ ಹೆಪಟೈಟಿಸ್ ಬಿ ವೈರಸ್ ದೇಹದ ಹೊರಗೆ ಕನಿಷ್ಠ 7 ದಿನ ಬದುಕಿರಬಲ್ಲದು. ಕಣ್ಣಿಗೆ ಕಾಣದಷ್ಟು ರಕ್ತ ಇದ್ದರೂ ಸಾಕು. ಪಟಿಕ ಸವರಿದರೆ ರಕ್ತ ನಿಲ್ಲುತ್ತದೆ, ನಿಜ. ಆದರೆ ಒಬ್ಬರಿಗೆ ಉಜ್ಜಿದ ಅದೇ ಪಟಿಕದ ಗಟ್ಟಿಯನ್ನು ಇನ್ನೊಬ್ಬರಿಗೆ ಉಜ್ಜಬಾರದು. ಮನೆಯಲ್ಲೂ ಅಷ್ಟೇ. ಅಪ್ಪ ಮಗ ಒಂದೇ ರೇಜರ್ ಬಳಸಬೇಡಿ.

ಮೀಸೆ ಚಿಗುರುತ್ತಿರುವ ಹುಡುಗರು ಯಾವಾಗಲೂ ಕೇಳುತ್ತಾರೆ, ಬೋಳಿಸಿದರೆ ಗಡ್ಡ ದಟ್ಟ ಬರುತ್ತಾ ಅಂತ. ಇಲ್ಲಪ್ಪ. 1928ರಲ್ಲೇ ಮಿಲ್ಡ್ರೆಡ್ ಟ್ರಾಟರ್ ಎಂಬ ಅಮೆರಿಕದ ವಿಜ್ಞಾನಿ ಅಳೆದು ನೋಡಿ ಇಲ್ಲ ಅಂದಿದ್ದಾರೆ. ಕತ್ತರಿಸಿದ ತುದಿ ಮೊಂಡಾಗಿರುತ್ತದೆ, ಅದಕ್ಕೆ ಕೈಗೆ ಒರಟು ಅನ್ನಿಸುತ್ತದೆ, ಅಷ್ಟೇ.

ಇಷ್ಟೆಲ್ಲ ನಾನು ಕಲಿತಿದ್ದು ನನ್ನ ಮುಖದ ಮೇಲಲ್ಲ, ಅಪ್ಪನ ಮುಖದ ಮೇಲೆ. ಅಪ್ಪ ದಾವಣಗೆರೆಯ ಹತ್ತಿ ಗಿರಣಿಯಲ್ಲಿ ಕೆಲಸ ಮಾಡಿದವರು. ಬೆಳಗಿನ ಪಾಳಿ ಇದ್ದರೂ ಗಡ್ಡ ತೆಗೆಯದೆ ಹೊರಗೆ ಕಾಲಿಡುತ್ತಿರಲಿಲ್ಲ. ಲಕ್ವ ಹೊಡೆದು ಎಡಭಾಗ ಬಿದ್ದುಹೋದ ಮೇಲೆ ಆ ಕೆಲಸ ನನಗೆ ಬಂತು. ರಕ್ತ ತೆಳುವಾಗುವ ಮಾತ್ರೆ ನುಂಗುವವರಿಗೆ ಸಣ್ಣ ಗಾಯವಾದರೂ ರಕ್ತ ಬೇಗ ನಿಲ್ಲುವುದಿಲ್ಲ. ಅಂಥವರಿಗೆ ಕರೆಂಟಿನ ಶೇವರ್ ಒಳ್ಳೆಯದು. ಆದರೆ ಅಪ್ಪನಿಗೆ ಅದರ ಸದ್ದು ಹಿಡಿಸಲಿಲ್ಲ. ಡಾಕ್ಟರನ್ನು ಕೇಳಿಕೊಂಡು, ಹೊಸ ಬ್ಲೇಡು ಹಾಕಿ, ಒತ್ತದೆ, ಚರ್ಮ ಹಿಗ್ಗಿಸಿ ಹಿಡಿದು ಮೆಲ್ಲಗೆ ತೆಗೆಯುತ್ತಿದ್ದೆ. ಸೋಪು ಹಚ್ಚಿದ ಕೂಡಲೇ ಅವರು ಹಳೇ ಅಭ್ಯಾಸದಂತೆ ಕೆನ್ನೆ ಉಬ್ಬಿಸುತ್ತಿದ್ದರು. ಬಲಗೆನ್ನೆ ಮಾತ್ರ ಉಬ್ಬುತ್ತಿತ್ತು. ಎಡಗೆನ್ನೆಯನ್ನು ನಾನು ಬೆರಳಿಂದ ಎತ್ತಿ ಹಿಡಿಯುತ್ತಿದ್ದೆ.

ಮುಗಿದ ಮೇಲೆ ಬಲಗೈಯಿಂದ ಮುಖ ಸವರಿ ನೋಡಿಕೊಳ್ಳುತ್ತಿದ್ದರು. ಮಾತು ಬರುತ್ತಿರಲಿಲ್ಲ. ಗದ್ದದ ಕೆಳಗೆ ಎಲ್ಲಾದರೂ ಬೆರಳು ನಿಂತರೆ, ಅಲ್ಲಿ ಇನ್ನೂ ಉಳಿದಿದೆ ಅಂತ ಅರ್ಥ. ನಾನು ಬಟ್ಟೆಯನ್ನು ಮತ್ತೆ ಬಿಸಿನೀರಿಗೆ ಅದ್ದುತ್ತಿದ್ದೆ.