ಕೆಂಪು ದೀಪಕ್ಕೆ ಕಾಣದ ಸೈಕಲ್

ಎಲ್ಲರಿಗೂ ನಮಸ್ಕಾರ. ಕ್ಯಾಲಿಫೋರ್ನಿಯಾದಲ್ಲಿ ನಸುಕಿಗೇ ಸೈಕಲ್ ತುಳಿಯುವವರು ಈ ಸಭೆಯಲ್ಲಿ ಬಹಳ ಜನ ಇದ್ದೀರಿ. ಗಾಡಿ ಬಂದು ನಿಂತದ್ದು ಗೊತ್ತಾದರೆ ಮಾತ್ರ ಹಸಿರಾಗುವ ಸಿಗ್ನಲಿಗೆ ಸೈಕಲ್ ಕಾಣದೇ ಹೋಗುವ ಕಷ್ಟ ನಿಮಗೆ ಹೊಸದಲ್ಲ. ಆದರೂ ನನ್ನ ಒಂದು ಬೆಳಗಿನ ಕಥೆ ಹೇಳಲೇಬೇಕು.

ಐದೂವರೆ ಗಂಟೆ. ಎಡಕ್ಕೆ ತಿರುಗುವ ಲೇನಿನಲ್ಲಿ ನಾನೊಬ್ಬನೇ. ನೇರ ಹೋಗುವವರಿಗೆ ಹಸಿರು ಬಂತು, ಅಡ್ಡರಸ್ತೆಗೆ ಬಂತು, ಮತ್ತೆ ನೇರಕ್ಕೇ ಬಂತು. ನನ್ನ ಬಾಣ ಮಾತ್ರ ಕೆಂಪು. ಹೀಗೆ ಮೂರು ಸುತ್ತು. ಬೆರಳು ಮರಗಟ್ಟಿದ್ದವು. ಅಷ್ಟರಲ್ಲಿ ಹಿಂದೆ ಒಂದು ಹಳೇ ಪಿಕಪ್ ಬಂದು ನಿಂತಿತು ನೋಡಿ, ಮುಂದಿನ ಸರದಿ ನಮ್ಮದೇ! ಆ ಚಾಲಕ ಪುಣ್ಯಾತ್ಮ, ‘ನೀನೇ ಮೊದಲು ಹೋಗಪ್ಪ’ ಎಂದು ಕೈಸನ್ನೆ ಮಾಡಿದ.

ಸೈಕಲಿನ ಭಾರ ಸಾಲದೆ ಹೀಗಾಗುತ್ತದೆ ಅಂತ ಅನೇಕರು ನಂಬಿದ್ದಾರೆ. ಭಾರದ ಮಾತೇ ಅಲ್ಲ. ಡಾಂಬರು ಕೊಯ್ದು ಮುಚ್ಚಿದ ಕಪ್ಪು ಗೆರೆಗಳನ್ನು ನೋಡಿದ್ದೀರಲ್ಲ, ಅದರೊಳಗೆ ತಂತಿಯ ಸುತ್ತು ಇದೆ. ಅದರಲ್ಲಿ ಸೆಕೆಂಡಿಗೆ ಸಾವಿರಾರು ಸಲ ದಿಕ್ಕು ಬದಲಿಸುವ ಕರೆಂಟು ಹರಿಯುತ್ತಿರುತ್ತದೆ. ಮೇಲೆ ಲೋಹ ಬಂದರೆ ಲೋಹದಲ್ಲೂ ಕರೆಂಟು ಸುಳಿಯಾಡಿ, ಸುತ್ತಿನ ಇಂಡಕ್ಟೆನ್ಸ್, ಅಂದರೆ ಕರೆಂಟಿನ ಬದಲಾವಣೆಯನ್ನು ತಡೆಯುವ ಗುಣ, ಕುಗ್ಗುತ್ತದೆ. ರಸ್ತೆ ಮೂಲೆಯಲ್ಲಿರುವ ಸಿಗ್ನಲಿನ ಪೆಟ್ಟಿಗೆ ಗುರುತಿಸುವುದು ಇದನ್ನೇ. ಅಲ್ಯೂಮಿನಿಯಂ ರಿಮ್ಮನ್ನು ಆ ಕಪ್ಪು ಗೆರೆಯ ಮೇಲೆಯೇ ಉದ್ದಕ್ಕೆ ನಿಲ್ಲಿಸಿದರೆ ಸಾಮಾನ್ಯವಾಗಿ ಸಾಕು. ಆ ಗೆರೆಗಳ ಚೌಕದ ನಡುವೆ ನಿಲ್ಲಿಸಬೇಡಿ. ಅಯಸ್ಕಾಂತ ಅಂಟಿಸುವುದು ದುಡ್ಡು ದಂಡ. ನನ್ನ ಸೈಕಲಿಗೋ ಚೌಕಟ್ಟೂ ಕಾರ್ಬನ್, ರಿಮ್ಮೂ ಕಾರ್ಬನ್, ಎರಡೂ ಲೋಹವಲ್ಲ.

ಇಲ್ಲಿ ನನ್ನ ತಕರಾರು. 2007ರಲ್ಲಿ ಈ ರಾಜ್ಯ ಕಾನೂನು ಮಾಡಿತು: ಹೊಸ ಸಿಗ್ನಲ್ ಹಾಕುವಾಗ, ರಸ್ತೆಯ ತಂತಿ ಬದಲಿಸುವಾಗ, ಸಾಧ್ಯವಾದಷ್ಟೂ ಬೈಸಿಕಲ್ಲನ್ನೂ ಗುರುತಿಸಬೇಕು. ಯಾವ ಲೋಹದ ಬೈಸಿಕಲ್ ಅಂತ ಕಾನೂನು ಕೇಳಿಲ್ಲ. ಆದರೆ ಸಿಗ್ನಲ್ ಕನಿಷ್ಠ ಎಂಥ ಸೈಕಲನ್ನು ಗುರುತಿಸಬೇಕು ಅಂತ ರಾಜ್ಯದ ಸಾರಿಗೆ ಇಲಾಖೆ ಕ್ಯಾಲ್‌ಟ್ರಾನ್ಸ್ 2009ರಲ್ಲಿ ಕೊಟ್ಟ ಅಳತೆ ಓದಿ: 16 ಇಂಚಿನ ಚಕ್ರ, ಸ್ಟೇನ್‌ಲೆಸ್ ಸ್ಟೀಲಿನ ಕಡ್ಡಿ, ಅಲ್ಯೂಮಿನಿಯಂ ರಿಮ್. ಸವಾರ ನಾಲ್ಕಡಿ ಎತ್ತರ, 90 ಪೌಂಡ್ ತೂಕ. ಪುಟ್ಟ ಮಕ್ಕಳನ್ನು ನೆನೆದು ಬರೆದಿದ್ದಾರೆ, ಆ ಕಾಳಜಿಗೆ ಕೈಮುಗಿಯುತ್ತೇನೆ. ಆ ಅಲ್ಯೂಮಿನಿಯಂ ಎಂಬ ಪದ ಮಾತ್ರ ಹೋಗಬೇಕು. ಬಿದಿರಿನ ಚೌಕಟ್ಟಿರಲಿ, ಫೈಬರ್‌ಗ್ಲಾಸ್ ಗಾಡಿಯಿರಲಿ, ಬೈಸಿಕಲ್ ಬೈಸಿಕಲ್ಲೇ.

ಸದ್ಯಕ್ಕೆ ನಾನು ಮಾಡಿಕೊಂಡ ಉಪಾಯ: ಟಯರು ಬಿಚ್ಚಿ, ರಿಮ್ಮಿನ ಸುತ್ತ ತಾಮ್ರದ ತಂತಿ ಸುತ್ತಿದೆ. ಮೊದಲ ದಿನ ಏನೂ ಆಗಲಿಲ್ಲ. ತುದಿಗಳನ್ನು ಕೂಡಿಸದೆ ಹಾಗೇ ಬಿಟ್ಟಿದ್ದೆ. ಬಾಯಿ ಬಿಟ್ಟ ಬಳೆಯಲ್ಲಿ ಕರೆಂಟು ಸುತ್ತುವುದೆಲ್ಲಿ? ಎರಡು ತುದಿಗೂ ಬೆಸುಗೆ ಹಾಕಿ ಮಾರನೇ ದಿನ ಅದೇ ಗೆರೆಯ ಮೇಲೆ ನಿಂತೆ. ಬಾಣ ಹಸಿರಾಯಿತು. ಒಬ್ಬನೇ ಕೂಗಿಕೊಂಡೆ.

ಚೀಟಿ ಬಂತು, ಸಮಯ ಮುಗಿಯಿತಂತೆ. ತಂತಿಯ ಬದಲು ಗಾಡಿ ಗುರುತಿಸುವ ಕ್ಯಾಮೆರಾ, ರೇಡಾರ್ ಬಗ್ಗೆ ಒಂದೇ ಮಾತು: ಅವಕ್ಕೆ ಲೋಹವೇ ಬೇಕು ಅಂತಿಲ್ಲ, ತಂತಿ ಕೆಟ್ಟ ಕಡೆ ಅವನ್ನೇ ಕೇಳೋಣ. ನಗರಸಭೆಗೆ ಬರೆಯುವಾಗ ಅಡ್ಡರಸ್ತೆ, ಲೇನು, ಹೊತ್ತು ಮೂರನ್ನೂ ಬರೆಯಿರಿ. ಸೈಕಲ್ ಹೊರಗೇ ನಿಲ್ಲಿಸಿದ್ದೇನೆ. ಊಟಕ್ಕೆ ಮೊದಲು ಬನ್ನಿ, ಬೆಸುಗೆ ತೋರಿಸುತ್ತೇನೆ.