ಮೊದಲು ತೂತು, ಆಮೇಲೆ ಆಕಾರ

ಕೇಳುಗರಿಗೆ ನಮಸ್ಕಾರ. ಮನೆಯ ಮೂಲೆಯಲ್ಲಿ ಒಂದು ವೈಸ್, ಎರಡು ಅರ, ಸ್ಟ್ಯಾಂಡಿಗೆ ಕೂರಿಸಿದ ಡ್ರಿಲ್ ಇಟ್ಟುಕೊಂಡು ರಜಾದಿನ ಮರಗೆಲಸ ಮಾಡುತ್ತೀರಲ್ಲ, ನಿಮಗಾಗಿ ಈ ಮಾತು. ಹೊಗೆಸೊಪ್ಪಿನ ಪೈಪನ್ನು ಮೊದಲ ಸಲ ಕೈಯಾರೆ ಮಾಡುವುದು ಹೇಗೆ? ಸೇದಿದರೆ ಏನಾಗುತ್ತದೆ ಅಂತ ವೈದ್ಯರು ಹೇಳುತ್ತಾರೆ. ನನ್ನದು ಮರದ ವಿಷಯ ಮಾತ್ರ. ಬೇರೆಲ್ಲ ಮರೆತರೂ ಇದೊಂದನ್ನು ಬರೆದಿಟ್ಟುಕೊಳ್ಳಿ: ಮೊದಲು ತೂತು, ಆಮೇಲೆ ಆಕಾರ.

ಮರ ಬ್ರೈಯರ್. ಮೆಡಿಟರೇನಿಯನ್ ತೀರದ ಎರಿಕಾ ಅರ್ಬೋರಿಯಾ ಎಂಬ ಪೊದೆಯಲ್ಲಿ ಬೇರೂ ಕಾಂಡವೂ ಸೇರುವ ಕಡೆ ಬೆಳೆಯುವ ಗಂಟು ಅದು. ಕುಯ್ದು, ಗಂಟೆಗಟ್ಟಲೆ ಕುದಿಸಿ, ತಿಂಗಳುಗಟ್ಟಲೆ ಒಣಗಿಸಿ ಮಾರುತ್ತಾರೆ. ಬಿಸಿ ತಾಳುತ್ತದೆ. ತೇಗ, ಬೀಟೆ ಆಗುವುದಿಲ್ಲವೇ ಅಂತ ಕೇಳಬೇಡಿ, ಆಗುವುದಿಲ್ಲ. ಕಣಗಿಲೆಯಂತೂ ವಿಷ.

ತುಂಡಿನ ಮುಖಗಳು ಒಂದಕ್ಕೊಂದು ಮೂಲೆಮಟ್ಟಕ್ಕೆ ಇರಲಿ. ಪೈಪಿನ ಚಿತ್ರವನ್ನು ಪಕ್ಕದ ಮುಖದ ಮೇಲೆ ಬರೆಯಿರಿ. ಮೊದಲ ಪೈಪು ನೇರವಾದದ್ದೇ ಆಗಲಿ, ಬಾಗಿದ್ದು ಬೇಡ. ಕತ್ತಿನ ಕಡೆಯಿಂದ, ಅಂದರೆ ಬಟ್ಟಲಿಗೂ ಬಾಯಿಕೊಳವೆಗೂ ನಡುವಿನ ಭಾಗದ ತುದಿಯಿಂದ, 8 ಮಿ.ಮೀ. ಡ್ರಿಲ್ ಬಿಟ್ಟಿನಲ್ಲಿ 20 ಮಿ.ಮೀ. ಆಳ ಕೊರೆಯಿರಿ, ಬಾಯಿಕೊಳವೆಯ ಗೂಟ ಕೂರುವುದು ಇಲ್ಲಿ. ಅದರ ನಟ್ಟನಡುವಿನಿಂದ 4 ಮಿ.ಮೀ. ಹೊಗೆದಾರಿ, ಬಟ್ಟಲಿನ ನಡುಗೆರೆ ಮುಟ್ಟುವವರೆಗೆ. ಕೊನೆಗೆ ಮೇಲಿನಿಂದ ಸೊಪ್ಪು ತುಂಬುವ ಬಟ್ಟಲು: ಅಗಲ 19, ಆಳ 38, ತುದಿ ದುಂಡಗಿರುವ ಬಿಟ್ಟು. ಚಪ್ಪಟೆ ಬಿಟ್ಟಿನ ಚೂಪುಮೂತಿ ತಳದಲ್ಲಿ ಗುಳಿ ಬಿಡುತ್ತದೆ, ಅಲ್ಲೇ ಮರ ಸುಟ್ಟು ತೂತಾಗುತ್ತದೆ. ಮೂತಿ ತೇಯ್ದು ದುಂಡಗೆ ಮಾಡಿಕೊಳ್ಳಿ.

ಹೊಗೆದಾರಿ ಬಟ್ಟಲಿನ ತಳಕ್ಕೇ ಬಂದು ಸೇರಬೇಕು. ಬಟ್ಟಲಿನ ಆಳ 38 ಆದರೆ ಹೊಗೆದಾರಿಯ ನಡು ಮೇಲಂಚಿನಿಂದ 36 ಮಿ.ಮೀ. ಕೆಳಗೆ. ಮೇಲೆ ಬಂತೋ, ಅಡಿಯ ಸೊಪ್ಪು ಉರಿಯದೆ ಒದ್ದೆಯಾಗಿ ಉಳಿದು ಪೈಪು ಗೊಳಗೊಳ ಅನ್ನುತ್ತದೆ. ಪಕ್ಕಕ್ಕೆ ಸರಿಯಿತೋ, ಗಾಳಿ ಒಂದೇ ಕಡೆಯಿಂದ ಎಳೆಯುತ್ತದೆ. ಇಷ್ಟು ನಿಖರವಾಗಿ ಕೊರೆಯಲು ತುಂಡು ವೈಸಿನಲ್ಲಿ ಅಲ್ಲಾಡದೆ ಕೂರಬೇಕು, ಅದಕ್ಕೆ ಚಪ್ಪಟೆ ಮುಖಗಳು ಬೇಕು. ಆಕಾರ ಕೊಟ್ಟ ಮೇಲೆ ಅವು ಎಲ್ಲಿರುತ್ತವೆ? ಅದಕ್ಕೇ ಮೊದಲು ತೂತು.

ಇಲ್ಲಿ ಬಲ್ಲವರು ಎದ್ದು ನಿಂತು ಸಿಕ್ಸ್‌ಟೆನ್ ಇವಾರ್ಸನ್ ಹೆಸರು ಹೇಳುತ್ತಾರೆ. ಹೇಳಲಿ, ಸೊಗಸಾದ ಮನುಷ್ಯ. 1910ರಲ್ಲಿ ಹುಟ್ಟಿದ ಸ್ವೀಡನ್ನಿನವ, ನೆಲೆಸಿದ್ದು ಡೆನ್ಮಾರ್ಕಿನ ಕೋಪನ್‌ಹೇಗನ್‌ನಲ್ಲಿ. ಪೈಪ್ ಪ್ರಿಯರು ಹೇಳುವ ಕತೆ ಹೀಗಿದೆ: ಎರಡನೇ ಮಹಾಯುದ್ಧ ಮುಗಿದ ಹೊಸತರಲ್ಲಿ ಆತನ ಪೈಪು ಮುರಿಯಿತು. ಸೂರ್ ಎಂಬ ಪೈಪಿನಂಗಡಿಗೆ ರಿಪೇರಿಗೆ ಒಯ್ದ. ಅಲ್ಲಿನ ಯಂತ್ರದಲ್ಲಿ ತಾನೇ ಸರಿಮಾಡಿಕೊಂಡ. ಆ ಕೈಚಳಕ ನೋಡಿ ಅಂಗಡಿಯವರು ಅವನನ್ನೇ ಕೆಲಸಕ್ಕೆ ಇಟ್ಟುಕೊಂಡರಂತೆ! ರಿಪೇರಿಯಿಂದ ಶುರುವಾದವನು ಡೆನ್ಮಾರ್ಕಿನ ಪೈಪುಗಾರರಿಗೆಲ್ಲ ಗುರುವಾದ, ಸ್ಟ್ಯಾನ್‌ವೆಲ್ ಎಂಬ ಪೈಪು ಕಂಪನಿಗೆ ವಿನ್ಯಾಸ ಮಾಡಿಕೊಟ್ಟ. ಅವನು ಮಾಡಿದ್ದು ತಿರುವುಮುರುವು. ಬ್ರೈಯರಿನ ಎಳೆ ಹೋದತ್ತ ಆಕಾರ ತೆಗೆದು, ಆಕಾರಕ್ಕೆ ತಕ್ಕಂತೆ ತೂತು ಕೊರೆದ. ಎಳೆಗಳು ಬಟ್ಟಲಿನ ಸುತ್ತ ಜ್ವಾಲೆಯ ಹಾಗೆ ಏಳುವ ಆ ಪೈಪುಗಳನ್ನು ನೋಡಿದರೆ ಕೈ ತುರಿಸುತ್ತದೆ ನಿಜ. ಆದರೆ ಅವನಿಗೆ ಪಳಗಿದ ಕೈ ಇತ್ತು, ಯಂತ್ರವಿತ್ತು. ನಿಮ್ಮದು ಮೊದಲ ಪೈಪು ಸ್ವಾಮಿ! ಮೊದಲು ತೂತು.

ಸಮಯ ಓಡುತ್ತಿದೆ, ಉಳಿದದ್ದು ಬೇಗ ಹೇಳುತ್ತೇನೆ. ಎಬೊನೈಟ್ ಎಂಬ ಗಟ್ಟಿ ರಬ್ಬರಿನ ಬಾಯಿಕೊಳವೆ ಸಿಕ್ಕಿಸಿಕೊಂಡೇ ಕತ್ತನ್ನು ಅರದಿಂದ ಉಜ್ಜಿ, ಇಲ್ಲದಿದ್ದರೆ ಕೂಡುವಲ್ಲಿ ಮೆಟ್ಟಿಲು ಉಳಿಯುತ್ತದೆ. ಬಟ್ಟಲಿನ ಗೋಡೆ 6 ಮಿ.ಮೀ.ಗಿಂತ ತೆಳ್ಳಗಾಗಬಾರದು, ತಳ 8ಕ್ಕಿಂತ. ಒರಟು ಅರ, ನಯ ಅರ, ಆಮೇಲೆ 220, 400, 600ರ ಉಪ್ಪುಕಾಗದ. 400 ಆದ ಮೇಲೆ ಒದ್ದೆ ಬಟ್ಟೆಯಲ್ಲಿ ಒರಸಿ ಒಣಗಿಸಿ. ಎದ್ದ ನಾರನ್ನು ಮತ್ತೆ ಉಜ್ಜಿ. ಧೂಳಿಗೆ ಮಾಸ್ಕ್ ಹಾಕಿ. ನಡುವೆ ಸಣ್ಣ ಗುಳಿ ಕಾಣಿಸಿದರೆ ಅದು ಮರದ್ದೇ ಗುಣ. ಗುಳಿ ಹೋಗಲೆಂದು ಉಜ್ಜುತ್ತಾ ಹೋದರೆ ಗೋಡೆಯೇ ಹೋಗುತ್ತದೆ, ಬಿಟ್ಟುಬಿಡಿ. ಹೊರಗೆ ಸ್ಪಿರಿಟ್ ಬಣ್ಣ, ಅದರ ಮೇಲೆ ಕಾರ್ನೌಬಾ ಮೇಣ. ಬಟ್ಟಲಿನ ಒಳಗೆ ಮಾತ್ರ ಬಣ್ಣ, ಮೇಣ, ವಾರ್ನಿಶ್ ಯಾವುದೂ ಬೇಡ. ಅಲ್ಲಿ ಬೆಂಕಿ ಇಡುತ್ತೀರಿ. ನಮಸ್ಕಾರ.